ಹೊಳೆಯಾಚೆಗೆ ಸುದ್ದಿ ಬಂದ ದಾರಿ

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಸಂತೋಷಕ್ಕೆ ಸ್ಮರಣ ಸಂಚಿಕೆ ತರುತ್ತಿದ್ದೇವೆ, ಊರಿನ ಇತಿಹಾಸದ ಬಗ್ಗೆ ನಿಮ್ಮದೊಂದು ಲೇಖನ ಆಗಬೇಕು ಎಂದು ಸಂಪಾದಕ ಸಮಿತಿಯವರು ಕೇಳಿದಾಗ ನಾವು ಹಿಂದೆ ಮುಂದೆ ನೋಡಿದ್ದು ನಿಜ. ಎಸ್ಸೆಸ್ಸೆಲ್ಸಿ ಪಾಸು ಮಾಡಿ ನೇರ ತೋಟಕ್ಕೆ ಇಳಿದ ನಮಗೆ ಕತ್ತಿ ಹಿಡಿದಷ್ಟು ಸಲೀಸಾಗಿ ಪೆನ್ನು ಹಿಡಿಯಲು ಬರುವುದಿಲ್ಲ. ರಾಜರ ಇತಿಹಾಸ ಬರೆಯುವ ಯೋಗ್ಯತೆಯೂ ನಮಗಿಲ್ಲ. ಆದರೆ ಕಣ್ಣಾರೆ ಕಂಡದ್ದು, ಹಿರಿಯರ ಬಾಯಲ್ಲಿ ಕೇಳಿದ್ದು ಒಂದು ವಿಷಯ ಇದೆ. ರಸ್ತೆ, ಸೇತುವೆ, ಕರೆಂಟು, ಕುಡಿಯುವ ನೀರು, ರೇಷನ್ನು ಇವುಗಳ ವಿಚಾರವನ್ನು ನಮ್ಮ ಮುಖಂಡರು ನಮಗೆ ಹೇಗೆ ತಿಳಿಸುತ್ತಾ ಬಂದರು, ತಿಳಿಸದೇ ಇದ್ದಾಗ ಏನಾಯಿತು ಎಂಬುದು. ಅದನ್ನೇ ಇಲ್ಲಿ ಬರೆದಿದ್ದೇವೆ. ತಪ್ಪಿದ್ದರೆ ಹಿರಿಯರು ತಿದ್ದಬೇಕು.

ಮಳೆಗಾಲದ ದ್ವೀಪ

ಸುತ್ತಲೂ ನೀರಿರುವ ಭೂಮಿಗೆ ದ್ವೀಪ ಎನ್ನುತ್ತಾರೆ ಅಂತ ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರು ಹೇಳಿಕೊಟ್ಟಿದ್ದರು. ನಕ್ಷೆ ನೋಡಿದರೆ ಕಳಸ ಸೀಮೆ ದ್ವೀಪವಲ್ಲ, ಸಮುದ್ರ ಎಲ್ಲೋ ಘಟ್ಟದ ಕೆಳಗಿದೆ. ಆದರೆ ಆರಿದ್ರಾ ಮಳೆ ಹಿಡಿದು ಪುನರ್ವಸು, ಪುಷ್ಯ ಕಳೆದು ಆಶ್ಲೇಷ ಮುಗಿಯುವ ತನಕ ಹೊಳೆಯಾಚೆಯ ನಮ್ಮಂಥ ಊರುಗಳಿಗೆ ಮೇಷ್ಟ್ರ ಪಾಠ ಚೆನ್ನಾಗಿ ಅರ್ಥವಾಗುತ್ತದೆ.

ಗಂಗಾಮೂಲದಲ್ಲಿ ಹುಟ್ಟುವ ಭದ್ರೆ ಕುದುರೆಮುಖದ ಕಡೆಯಿಂದ ಇಳಿದು ಕಳಸದ ಮಗ್ಗುಲಲ್ಲಿ ಹರಿದು ಬಾಳೆಹೊನ್ನೂರಿಗೆ ಹೋಗುತ್ತಾಳೆ. ಕಳಸಕ್ಕೂ ಹೊರನಾಡಿಗೂ ನಡುವೆ ಹೆಬ್ಬಾಳೆಯಲ್ಲಿ ಅವಳನ್ನು ದಾಟಬೇಕು. ಅಲ್ಲಿನ ತಗ್ಗು ಸೇತುವೆ ನಮಗೆಲ್ಲ ಗೊತ್ತಿದ್ದದ್ದೇ. ಕುದುರೆಮುಖದ ಮೇಲೆ ಮಳೆ ಜೋರಾದರೆ ಇಲ್ಲಿ ಬಿಸಿಲಿದ್ದರೂ ಹೊಳೆ ಏರಿ ಸೇತುವೆಯ ಮೇಲೆ ನೀರು ಬರುತ್ತದೆ. ಬೆಳಗ್ಗೆ ದಾಟಿದವರು ಸಾಯಂಕಾಲ ವಾಪಸು ಬರ್ತಾರೆ ಅಂತ ಗ್ಯಾರಂಟಿ ಇಲ್ಲ. ಸುತ್ತು ದಾರಿ ಇದೆ, ಆದರೆ ಅಲ್ಲೂ ಒಂದು ಮರ ಬಿದ್ದರೆ, ಒಂದು ಧರೆ ಜರಿದರೆ ಮುಗಿಯಿತು. ಹಳ್ಳಗಳ ಮೇಲಿನ ಕಾಲುಸಂಕಗಳ ಕಥೆ ಹೇಳುವುದೇ ಬೇಡ. ಹೊರನಾಡಿನ ಅನ್ನಪೂರ್ಣೇಶ್ವರಿ ಸನ್ನಿಧಿಗೆ ಬಂದ ಯಾತ್ರಿಕರು ಒಂದು ದಿನ ಸಿಕ್ಕಿಹಾಕಿಕೊಂಡರೆ ಪೇಪರಿನಲ್ಲಿ ಬರುತ್ತದೆ. ವರ್ಷವೂ ಸಿಕ್ಕಿಹಾಕಿಕೊಳ್ಳುವ ನಾವು ಅದನ್ನು ಸುದ್ದಿ ಅಂತಲೇ ಎಣಿಸುವುದಿಲ್ಲ.

ತೋಟದ ಮನೆಗಳಲ್ಲಿ ಮಳೆ ಅಳೆಯುವ ಡಬ್ಬ ಇರುತ್ತದೆ. ಬೆಳಗಾದರೆ "ನಿಮ್ಮಲ್ಲಿ ಎಷ್ಟು ಬಿತ್ತು?" "ನಾಲ್ಕು ಇಂಚು ಇಪ್ಪತ್ತು ಸೆಂಟು" ಎಂಬ ಮಾತು. ಎಷ್ಟು ಮಳೆ ಬಿತ್ತು ಎಂದು ನಾವು ಕರಾರುವಾಕ್ಕಾಗಿ ಹೇಳಬಲ್ಲೆವು. ಸೇತುವೆ ಮೇಲೆ ನೀರಿದೆಯೋ ಇಲ್ಲವೋ, ಕರೆಂಟು ಯಾವಾಗ ಬರುತ್ತದೆ, ಅಕ್ಕಿ ಬಂದಿದೆಯೋ ಇಲ್ಲವೋ, ಇದನ್ನು ಹೇಳುವವರು ಯಾರು ಎಂಬುದೇ ಪ್ರಶ್ನೆ.

ನಮಗೆ ಆಗ ಹತ್ತೋ ಹನ್ನೊಂದೋ ವರ್ಷ. ಜೋರು ಮಳೆಯ ಒಂದು ಮಧ್ಯಾಹ್ನ ದೊಡ್ಡಪ್ಪನಿಗೆ ಲಕ್ವ ಹೊಡೆಯಿತು. ಕುರ್ಚಿಗೆ ಎರಡು ಬಿದಿರು ಕಟ್ಟಿ, ಮೇಲೆ ಕಂಬಳಿ ಹೊದೆಸಿ, ನಾಲ್ಕು ಜನ ಹೊತ್ತುಕೊಂಡು ಹೊಳೆಯವರೆಗೆ ಹೋದರು. ನಾವೂ ಹಿಂದೆ ಓಡಿದೆವು. ಹೋಗಿ ನೋಡಿದರೆ ಸೇತುವೆಯೇ ಕಾಣುವುದಿಲ್ಲ. ಬೆಳಗ್ಗೆ ಹತ್ತು ಗಂಟೆಗೇ ಮುಳುಗಿತ್ತಂತೆ. ಆಚೆ ದಡದವರಿಗೆ ಗೊತ್ತಿತ್ತು, ಜವಾಬ್ದಾರಿ ಹೊತ್ತವರಿಗೂ ಗೊತ್ತಿತ್ತು, ನಮಗೆ ಮಾತ್ರ ಗೊತ್ತಿರಲಿಲ್ಲ. ಮೊದಲೇ ಗೊತ್ತಿದ್ದರೆ ಸೀದಾ ಸುತ್ತು ದಾರಿ ಹಿಡಿಯುತ್ತಿದ್ದರು. ನೀರು ಇಳಿಯಬಹುದು ಅಂತ ಕತ್ತಲಾಗುವ ತನಕ ಕಾದು, ಮತ್ತೆ ಹೊತ್ತು ತಿರುಗಿ, ಆಸ್ಪತ್ರೆ ಮುಟ್ಟುವಾಗ ಮರುದಿನ ಬೆಳಗಾಗಿತ್ತು. ದೊಡ್ಡಪ್ಪ ಉಳಿದರು. ಆದರೆ ಬಲಗೈ ಕೊನೆವರೆಗೂ ಮೇಲೇಳಲಿಲ್ಲ. ಅಡಿಕೆ ಸುಲಿಯುವುದರಲ್ಲಿ ಊರಿಗೇ ಹೆಸರಾದ ಕೈ ಅದು. ಅವತ್ತು ಸೇತುವೆ ಎತ್ತರ ಇಲ್ಲದ್ದು ಒಂದು ಕಷ್ಟ, ಸುದ್ದಿ ಬಾರದ್ದು ಇನ್ನೊಂದು ಕಷ್ಟ. ಮೊದಲನೆಯದಕ್ಕೆ ಕೋಟಿಗಟ್ಟಲೆ ದುಡ್ಡು ಬೇಕು. ಎರಡನೆಯದಕ್ಕೆ ಒಬ್ಬ ಮನುಷ್ಯ ಸಾಕಿತ್ತು.

ಕಲ್ಲಿನ ಬೋರ್ಡು, ತೋಟಿಯ ಕೂಗು

ಮಾಡಿದ ಕೆಲಸವನ್ನು ಜನರಿಗೆ ತಿಳಿಯುವಂತೆ ಬರೆದಿಡುವುದು ಕಳಸ ಸೀಮೆಗೆ ಹೊಸದಲ್ಲ. ಕಳಸದ ಪಂಚತೀರ್ಥಗಳಲ್ಲಿ ಒಂದಾದ ಅಂಬಾತೀರ್ಥದಲ್ಲಿ ಹೊಳೆಯ ನಡುವೆ ದೊಡ್ಡ ಬಂಡೆ ಇದೆ. ಊರವರಿಗೆ ಉಪಯೋಗವಾಗಲೆಂದು ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದು ಇಟ್ಟದ್ದು ಎಂದು ಪ್ರತೀತಿ. ಹಾಗೆಂದು ಸಂಸ್ಕೃತದಲ್ಲಿ ಆ ಕಲ್ಲಿನ ಮೇಲೇ ಕೆತ್ತಿದೆ. ಈಗ ಪಂಚಾಯ್ತಿ ಕಾಮಗಾರಿ ಮಾಡಿದ ಕಡೆ ನಾಮಫಲಕ ಹಾಕುತ್ತಾರಲ್ಲ, ನಮ್ಮ ಕಡೆಯ ಮೊದಲನೇ ನಾಮಫಲಕ ಅದೇ ಇರಬೇಕು ಅಂತ ನಾವು ತಮಾಷೆ ಮಾಡುವುದುಂಟು. ಕಳಸೇಶ್ವರ ದೇವಸ್ಥಾನದ ಹಳೆಯ ಶಾಸನಗಳಲ್ಲೂ ಯಾರು ಯಾವ ಭೂಮಿ ಬಿಟ್ಟರು, ಯಾವ ಸೇವೆಗೆ ಎಷ್ಟು ಭತ್ತ, ಎಣ್ಣೆ ಎಂಬಂಥ ವಿವರ ಉಂಟು. ಚಿಕ್ಕಮಗಳೂರಿಗೆ ಕಡೂರು ಜಿಲ್ಲೆ ಎಂಬ ಹೆಸರಿದ್ದ ಕಾಲದಲ್ಲಿ ಬಿ.ಎಲ್. ರೈಸ್ ಅವರು ಈ ಸೀಮೆಯ ಶಾಸನಗಳನ್ನು ಸಂಗ್ರಹಿಸಿ ಪುಸ್ತಕ ಮಾಡಿದರು. ಕಲ್ಲಿಗೆ ಕೆತ್ತಿದ ಮೇಲೆ ಮಾತು ತಿರುಗಿಸಲು ಬರುವುದಿಲ್ಲ ಎಂಬುದು ಹಿಂದಿನವರ ಲೆಕ್ಕಾಚಾರ.

ಆಮೇಲಿನದು ಪಟೇಲರು, ಶಾನುಭೋಗರ ಕಾಲ. ಬಯಲುಸೀಮೆಯಲ್ಲಿ ಒಂದು ಡಂಗುರ ಹೊಡೆದರೆ ಊರೆಲ್ಲ ಕೇಳಿಸುತ್ತದೆ. ನಮ್ಮಲ್ಲಿ ಮನೆಯಿಂದ ಮನೆಗೆ ಒಂದು ಗುಡ್ಡ, ನಡುವೆ ಒಂದು ಹಳ್ಳ. ತೋಟಿ ಗೊರಬು ಹಾಕಿಕೊಂಡು ಮನೆ ಮನೆಗೆ ಬಂದು ಕೂಗಿ ಹೇಳಬೇಕಿತ್ತು. ಅಜ್ಜ ಹೇಳುತ್ತಿದ್ದ ಪ್ರಕಾರ ಅವನು ತರುತ್ತಿದ್ದ ಸುದ್ದಿ ಹೆಚ್ಚಾಗಿ ಒಂದೇ: "ಕಂದಾಯ ಕಟ್ಟಬೇಕಂತೆ." ನಾವು ಕೊಡಬೇಕಾದ್ದರ ಸುದ್ದಿ ಬರುತ್ತಿತ್ತು, ನಮಗೆ ಸಿಗಬೇಕಾದ್ದರ ಸುದ್ದಿ ಬರುತ್ತಿರಲಿಲ್ಲ. ಈ ವಂಶಪಾರಂಪರ್ಯದ ಹುದ್ದೆಗಳನ್ನು ರದ್ದು ಮಾಡಿದ 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂದು, ಗ್ರಾಮ ಲೆಕ್ಕಿಗರು ಬಂದರು.

ಅದಕ್ಕೂ ಮುಂಚೆ 1959ರ ಕಾಯ್ದೆಯಂತೆ ಗ್ರಾಮ ಪಂಚಾಯ್ತಿ, ತಾಲ್ಲೂಕು ಅಭಿವೃದ್ಧಿ ಮಂಡಳಿ ಆಗಿದ್ದವು. ಪಂಚಾಯ್ತಿ ಚೇರ್ಮನ್ರು ಊರಿನ ದೊಡ್ಡ ಮನುಷ್ಯರು. ಅವರ ಮನೆ ಜಗಲಿಯೇ ಆಫೀಸು. ಒಳ್ಳೆಯವರಿದ್ದರು, ಕೈಯಿಂದ ಖರ್ಚು ಮಾಡಿ ಸಂಕ ಹಾಕಿಸಿದವರೂ ಇದ್ದರು. ಆದರೆ ಸುದ್ದಿ ಬೇಕಾದರೆ ನಾವು ಅವರ ಜಗಲಿಗೆ ಹೋಗಬೇಕು, ಅಂಗಳದಲ್ಲಿ ನಿಲ್ಲಬೇಕು. ಅಂಗಳಕ್ಕೆ ಹೋಗಲು ಸಂಕೋಚ ಪಡುವ ಜನಕ್ಕೆ ಸುದ್ದಿಯೇ ಇಲ್ಲ. ಎಸ್ಟೇಟು ಲೈನಿನಲ್ಲಿ ಇರುವವರನ್ನಂತೂ ರೈಟರು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಪ್ರಧಾನರು ಬಂದರು

ಹಿರಿಯರು ಈಗಲೂ ನೆನೆಸುವುದು 1987ರ ಮಂಡಲ ಪಂಚಾಯ್ತಿಯನ್ನು. ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬರು ಗ್ರಾಮೀಣಾಭಿವೃದ್ಧಿ ಮಂತ್ರಿ. 1983ರಲ್ಲಿ ಮಾಡಿದ ಕಾಯ್ದೆಯ ಪ್ರಕಾರ 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲು. ಮಂಡಲಕ್ಕೆ ಪ್ರಧಾನ, ಉಪಪ್ರಧಾನ. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಊರೂರಿಗೆ ಬೋರ್‌ವೆಲ್ ಹಾಕಿಸಿದ್ದಕ್ಕೆ ಜನ ನಜೀರ್ ಸಾಬರನ್ನು 'ನೀರ್ ಸಾಬ್' ಎಂದೇ ಕರೆದರು. 1988ರಲ್ಲಿ ಅವರು ತೀರಿಕೊಂಡರು. ಮೈಸೂರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಅವರ ಹೆಸರೇ ಇದೆ.

ಈ ಕಾಯ್ದೆಯಲ್ಲಿ ಒಂದು ದೊಡ್ಡ ವಿಚಾರ ಇತ್ತು, ಅದೇ ಗ್ರಾಮಸಭೆ. ಆರಿಸಿ ಬಂದವರು ವರ್ಷಕ್ಕೆ ಎರಡು ಸಲ ಜನರ ಎದುರು ನಿಂತು ಏನು ಮಾಡಿದೆವು, ಏನು ಆಗಲಿಲ್ಲ ಎಂದು ಹೇಳಬೇಕು. ಮೊದಲ ಸಭೆಗೆ ನಾವು ಮಕ್ಕಳೆಲ್ಲ ಶಾಲೆಯ ಕಿಟಕಿಯಲ್ಲಿ ಇಣುಕಿ ನೋಡಿದ್ದೆವು. ಅಂಗಳದಲ್ಲಿ ನಿಲ್ಲುತ್ತಿದ್ದವರು ಬೆಂಚಿನ ಮೇಲೆ ಕೂತಿದ್ದರು, ಪ್ರಧಾನರು ನಿಂತಿದ್ದರು. ಆ ನೋಟ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಪ್ರಧಾನರು ಒಂದು ಹಾಳೆ ಹಿಡಿದು ಓದಿದರು. ಹಿಂದಿನ ಬೆಂಚಿನಿಂದ ಒಬ್ಬರು "ನಮ್ಮ ಕೇರಿ ಸಂಕದ ವಿಚಾರ ಆ ಹಾಳೇಲಿ ಇಲ್ವಲ್ಲ" ಅಂದರು. ಸಭೆ ಗಪ್‌ಚಿಪ್. ಪ್ರಧಾನರು ಕನ್ನಡಕ ತೆಗೆದು ಒರೆಸಿಕೊಂಡರು. ಆ ಪ್ರಶ್ನೆ ಕೇಳಿದ್ದೇ ಒಂದು ಇತಿಹಾಸ ಎಂದು ನಮ್ಮ ಭಾವನೆ.

1992ರಲ್ಲಿ ಆ ಅವಧಿ ಮುಗಿದು ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಸಂವಿಧಾನದ 73ನೇ ತಿದ್ದುಪಡಿ ಬಂದ ಮೇಲೆ 1993ರಲ್ಲಿ ಈಗಿನ ಪಂಚಾಯತ್ ರಾಜ್ ಕಾಯ್ದೆ ಆಗಿ, ಅದೇ ವರ್ಷದ ಕೊನೆಗೆ ಗ್ರಾಮ ಪಂಚಾಯ್ತಿ ಚುನಾವಣೆ ಆಯಿತು. ಬಯಲುಸೀಮೆಗೆ ಐದರಿಂದ ಏಳು ಸಾವಿರ ಜನಕ್ಕೆ ಒಂದು ಪಂಚಾಯ್ತಿ ಎಂದಿದ್ದರೆ, ಚಿಕ್ಕಮಗಳೂರು, ಕೊಡಗು, ಶಿವಮೊಗ್ಗದಂಥ ಮಲೆನಾಡು ಜಿಲ್ಲೆಗಳಿಗೆ ಎರಡೂವರೆ ಸಾವಿರ ಜನ ಇದ್ದರೂ ಸಾಕು ಎಂದು ಕಾಯ್ದೆಯಲ್ಲೇ ಬರೆದರು. ಗುಡ್ಡ ಹತ್ತಿ ಇಳಿಯುವ ಕಷ್ಟ ಗೊತ್ತಿದ್ದವರು ಯಾರೋ ಆ ಸಾಲು ಬರೆಸಿರಬೇಕು.

ಆದರೂ ಗ್ರಾಮಸಭೆ ಅಂದರೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಮನೆ ಮಂಜೂರಾತಿಯ ಪಟ್ಟಿ ಮಾಡುವ ದಿನ ಜಾಗ ಸಾಲುವುದಿಲ್ಲ, ಜಮಾ ಖರ್ಚು ಓದುವ ದಿನ ಕೋರಂ ಇಲ್ಲ. ಮನೆಗೆ ಪುಸ್ತಕ ತಂದು ಸಹಿ ಹಾಕಿಸಿಕೊಂಡು ಹೋದ ಕಾಲವೂ ಇತ್ತು, ಸಹಿ ಹಾಕಿದವರಲ್ಲಿ ನಾವೂ ಒಬ್ಬರು. ಹೇಳುವವರ ತಪ್ಪು ಎಷ್ಟಿದೆಯೋ ಕೇಳುವವರ ತಪ್ಪೂ ಅಷ್ಟೇ ಇದೆ ಎಂದು ಒಪ್ಪಿಕೊಳ್ಳಬೇಕು.

ಬಸ್ಸಿನ ಮೇಲೆ ಬಂದ ಸುದ್ದಿ

ಪಂಚಾಯ್ತಿಯಿಂದ ಬಾರದ ಸುದ್ದಿ ಬಸ್ಸಿನಲ್ಲಿ ಬರುತ್ತಿತ್ತು. ಕೊಪ್ಪದ ಸಹಕಾರ ಸಾರಿಗೆಯನ್ನು ಇಲ್ಲಿ ನೆನೆಯದಿದ್ದರೆ ಸಹಕಾರಿಗಳಾದ ನಮಗೆ ದೋಷ ಬರುತ್ತದೆ. ಖಾಸಗಿ ಬಸ್ ಕಂಪನಿಯೊಂದರ ಕಾರ್ಮಿಕರು ಕೆಲಸ ಕಳೆದುಕೊಂಡಾಗ ಎದೆಗುಂದದೆ, ತಾವೇ ಸೇರಿ 1991ರಲ್ಲಿ ಕಟ್ಟಿದ ಸಂಸ್ಥೆ ಅದು. ಡ್ರೈವರೂ ಮಾಲೀಕ, ಕಂಡಕ್ಟರೂ ಮಾಲೀಕ. ಮಲೆನಾಡಿನ ಮೂಲೆ ಮೂಲೆಗೆ ಬಸ್ಸು ಓಡಿಸಿದರು. ಕಂಡಕ್ಟರ ಹತ್ತಿರ ಚೀಟಿ ಕೊಟ್ಟರೆ ಔಷಧಿ ಬರುತ್ತಿತ್ತು. "ಹೊಳೆ ಏರ್ತಾ ಉಂಟು, ನಾಳೆ ಬಸ್ಸು ಈಚೆ ಬರಲ್ಲ" ಅಂತ ಅವರು ಹೇಳಿಹೋದ ಮಾತು ಯಾವ ನೋಟೀಸಿಗಿಂತಲೂ ಹೆಚ್ಚು. 2020ರಲ್ಲಿ ನಷ್ಟ ತಾಳಲಾರದೆ ಆ ಬಸ್ಸುಗಳು ನಿಂತವು. ಬಸ್ಸು ನಿಂತದ್ದು ಎಲ್ಲರಿಗೂ ಕಂಡಿತು, ಸುದ್ದಿಯ ಒಂದು ದಾರಿ ಮುಚ್ಚಿದ್ದು ಮುಂದಿನ ಮಳೆಗಾಲದಲ್ಲಿ ನಮಗೆ ಗೊತ್ತಾಯಿತು.

ನಮ್ಮ ತಪ್ಪು

ಬೇರೆಯವರ ವಿಚಾರ ಇಷ್ಟು ಹೇಳಿದ ಮೇಲೆ ನಮ್ಮ ಸಂಘದ್ದನ್ನೂ ಹೇಳಬೇಕು. ನಮ್ಮ ರಾಜ್ಯದಲ್ಲಿ ಸಹಕಾರ ಚಳವಳಿ 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರಿಂದ ಶುರುವಾಯಿತು. ನಮ್ಮದು ಅದರ ಮುಂದೆ ಮೊಮ್ಮಗು. ಇಪ್ಪತ್ತೈದು ವರ್ಷದ ಹಿಂದೆ ಸಂಘ ಕಟ್ಟಿದ್ದೇ ಹೊಳೆಯ ಕಾರಣದಿಂದ. ಮಳೆಗಾಲದಲ್ಲಿ ಅಕ್ಕಿ, ಸೀಮೆಎಣ್ಣೆ, ಮೈಲುತುತ್ತಕ್ಕೆ ಹೊಳೆ ದಾಟುವುದು ತಪ್ಪಲಿ, ಈಚೆ ದಡದಲ್ಲೇ ಒಂದು ಗೋಡೌನು ಇರಲಿ ಎಂದು ಹಿರಿಯರು ಷೇರು ಹಣ ಕೂಡಿಸಿದರು. ಕಟ್ಟಡದ ಕಲ್ಲು ಹೊತ್ತವರಲ್ಲಿ ನಾವೂ ಇದ್ದೆವು.

ನಾವು ನಿರ್ದೇಶಕರಾಗಿ ಆರಿಸಿ ಬಂದ ಮೊದಲ ವರ್ಷದ ಮಾತು. ರೇಷನ್ ಲಾರಿ ಬರಬೇಕಿತ್ತು, ದಾರಿಯಲ್ಲಿ ಧರೆ ಕುಸಿದು ಬರಲಿಲ್ಲ. ಹಿಂದಿನ ದಿನ ಸಾಯಂಕಾಲವೇ ನಮಗೆ ಫೋನು ಬಂದಿತ್ತು. ನಾಳೆ ನೋಡೋಣ ಅಂತ ಮಲಗಿದೆವು. ಬೆಳಗ್ಗೆ ಮೇಲಿನ ಕಾಲೊನಿಯ ಹೆಂಗಸರು ತೋಟದ ಒಂದು ದಿನದ ಸಂಬಳ ಬಿಟ್ಟು, ಇಂಬಳ ಕಚ್ಚಿಸಿಕೊಂಡು, ಚೀಲ ತಲೆ ಮೇಲೆ ಹಾಕಿಕೊಂಡು ಇಳಿದು ಬಂದರು. ಬಾಗಿಲು ಹಾಕಿತ್ತು. ಹತ್ತು ಗಂಟೆಗೆ ನಾವು ಹೋದಾಗ ವಯಸ್ಸಾದ ಒಬ್ಬ ಹೆಂಗಸು ಜಗಲಿಯಲ್ಲಿ ಕೂತು ಕಾಲಿನ ರಕ್ತ ಒರೆಸಿಕೊಳ್ಳುತ್ತಿದ್ದಳು. ಬೈಯಲಿಲ್ಲ. "ಅಕ್ಕಿ ಇಲ್ಲಾಂದ್ರೆ ತಡ್ಕೊಳ್ತೀವಿ ಅಯ್ಯಾ, ಇಲ್ಲ ಅಂತ ಹೇಳೋಕೂ ನಿಮ್ಗೆ ಆಗ್ಲಿಲ್ವಾ?" ಅಂದಳು ಅಷ್ಟೇ.

ಹೊಳೆ ದಡದಲ್ಲಿ ದೊಡ್ಡಪ್ಪನ ಕುರ್ಚಿಯ ಪಕ್ಕ ನಿಂತಿದ್ದ ಹುಡುಗ ನಾವೇ ತಾನೇ? ಅವತ್ತು ಯಾರನ್ನು ಮನಸ್ಸಿನಲ್ಲಿ ಶಪಿಸಿದ್ದೆವೋ ಈಗ ಅದೇ ಜಾಗದಲ್ಲಿ ನಾವು ನಿಂತಿದ್ದೆವು. ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ವಿಷಯ ಇಟ್ಟೆವು. ಮೂರು ಕಪ್ಪು ಹಲಗೆ ಮಾಡಿಸಿ ಸಂಘದ ಬಾಗಿಲಲ್ಲಿ, ಶಾಲೆಯ ಹತ್ತಿರ, ಕಾಲೊನಿಗೆ ಹೋಗುವ ಏರಿನ ಬುಡದಲ್ಲಿ ಹಾಕಿದೆವು. ಏನು ಬಂದಿದೆ, ಏನು ಬಂದಿಲ್ಲ ಎಂದು ತಾರೀಕು ಹಾಕಿ ದಿನಾ ಬರೆಯಬೇಕೆಂದು ಠರಾವು ಆಯಿತು. ಸಂಘದ ಈ ಇಪ್ಪತ್ತೈದು ವರ್ಷದ ಸಾಧನೆಯ ಪಟ್ಟಿಯಲ್ಲಿ ಗೋಡೌನು, ಸಾಲ ವಿತರಣೆ, ಗೊಬ್ಬರ ಎಲ್ಲ ಇದೆ, ಹಲಗೆ ಇಲ್ಲ. ಅದಕ್ಕಾಗಿ ಇಲ್ಲಿ ಬರೆದೆವು.

2019ರ ಆಗಸ್ಟ್

2019ರ ಆಗಸ್ಟ್ ಮಳೆ ಯಾರೂ ಮರೆಯುವಂಥದ್ದಲ್ಲ. ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ, ಆಲೇಖಾನ್ ಹೊರಟ್ಟಿ ಕಡೆ ಗುಡ್ಡ ಕುಸಿದು ಮನೆ, ಗದ್ದೆ, ತೋಟ ಕೊಚ್ಚಿ ಹೋದವು. ಚಾರ್ಮಾಡಿ ಘಾಟಿ ಬಂದಾಯಿತು. ಹೆಬ್ಬಾಳೆ ಮುಳುಗಿತು. ಕರೆಂಟು ಹೋಯಿತು, ಕರೆಂಟಿಲ್ಲದೆ ಮೊಬೈಲ್ ಟವರೂ ಹೋಯಿತು. ಅಷ್ಟು ಹೊತ್ತಿಗೆ ಊರಿಗೆಲ್ಲ ವಾಟ್ಸಾಪ್ ಗುಂಪು ಆಗಿತ್ತು, ಇನ್ನು ಹಲಗೆ ಯಾಕೆ ಎಂದು ಕೆಲವರು ಕೇಳಲು ಶುರು ಮಾಡಿದ್ದರು. ಟವರು ಹೋದ ದಿನ ಕೈಯಲ್ಲಿದ್ದ ಫೋನು ಬರೀ ಬ್ಯಾಟರಿ ಆಯಿತು.

ನಮ್ಮ ವಾರ್ಡಿನ ಸದಸ್ಯೆ ಅವತ್ತು ಮಾಡಿದ ಕೆಲಸ ಹೇಳಲೇಬೇಕು. ಮೀಸಲಾತಿಯಿಂದ ಬಂದವರು, ಸಭೆಯಲ್ಲಿ ಮಾತೇ ಆಡಲ್ಲ ಎಂದು ನಾವೆಲ್ಲ ಹಗುರವಾಗಿ ಕಂಡವರು. ಕೊಡೆ ನಿಲ್ಲದ ಗಾಳಿಯಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಮಗನನ್ನು ಕರೆದುಕೊಂಡು ಮನೆ ಮನೆಗೆ ಬಂದರು. "ಸೇತುವೆ ಮೇಲೆ ನೀರುಂಟು. ಸುತ್ತು ದಾರೀಲಿ ಎರಡು ಮರ ಬಿದ್ದಿದೆ, ನಾಳೆ ತೆಗೀತಾರೆ. ಬಸುರಿಯರು, ಶುಗರಿನ ಔಷಧಿ ತಗೊಳ್ಳೋರು ಯಾರಿದ್ದೀರಿ, ಹೆಸರು ಕೊಡಿ. ಕರೆಂಟು ಯಾವಾಗ ಬರುತ್ತೋ ನಂಗೆ ಗೊತ್ತಿಲ್ಲ. ಗೊತ್ತಾದ ದಿನ ಹೇಳ್ತೀನಿ." ಇಷ್ಟೇ ಮಾತು. ಅವರ ಕೈಯಲ್ಲಿ ಹಣ ಇರಲಿಲ್ಲ, ಅಧಿಕಾರ ಇರಲಿಲ್ಲ. ಮರುದಿನ ಮತ್ತೆ ಬಂದರು, ಅದರ ಮರುದಿನವೂ ಬಂದರು. "ಗೊತ್ತಿಲ್ಲ" ಎಂದು ಒಬ್ಬ ಜನಪ್ರತಿನಿಧಿಯ ಬಾಯಲ್ಲಿ ನಾವು ಕೇಳಿದ್ದು ಅದೇ ಮೊದಲು. ವಿಚಿತ್ರ ಅಂದರೆ ಅದನ್ನು ಕೇಳಿ ನಮಗೆ ಧೈರ್ಯ ಬಂತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವವರು ಮರ ತೆಗೀತಾರೆ ಅಂದರೆ ನಿಜ ಇರಬೇಕು ಎಂದು ನಂಬಿಕೆ ಹುಟ್ಟಿತು.

ಅದೇ 2019ರ ಬಜೆಟ್ಟಿನಲ್ಲಿ ಕಳಸವನ್ನು ತಾಲ್ಲೂಕು ಎಂದು ಘೋಷಿಸಿದ್ದರು. ಒಂದು ಪಹಣಿ ಕೆಲಸಕ್ಕೆ ಮೂಡಿಗೆರೆಗೆ ಒಂದು ದಿನ ಕಳೆಯುತ್ತಿದ್ದ ನಮಗೆ ಅದು ಎಷ್ಟೋ ವರ್ಷದ ಬೇಡಿಕೆ. ಕಚೇರಿ ಹತ್ತಿರ ಬಂದದ್ದು ಸಂತೋಷವೇ. ಆದರೆ ಕಚೇರಿ ಹತ್ತಿರ ಬಂದರೆ ಸುದ್ದಿಯೂ ತಾನಾಗಿ ಹತ್ತಿರ ಬರುತ್ತದೆ ಅಂತ ಇಲ್ಲ. ಅದನ್ನು ಹೊತ್ತು ತರುವವರು ಬೇಕು.

ಅರವತ್ತು ವರ್ಷ ಕಾದವರು

ನಮ್ಮದು ಮೂರು ತಿಂಗಳ ದ್ವೀಪ. ಪಕ್ಕದ ಶಿವಮೊಗ್ಗ ಜಿಲ್ಲೆಯ ತುಮರಿ ಕಡೆಯವರದ್ದು ವರ್ಷವಿಡೀ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಗಿ ಶರಾವತಿ ಹಿನ್ನೀರು ನಿಂತ ಮೇಲೆ ಸಾಗರ ಪೇಟೆಗೆ ಬರಬೇಕಾದರೆ ಲಾಂಚೇ ಗತಿ. ನಾಡಿಗೆಲ್ಲ ಬೆಳಕು ಕೊಡಲು ನೀರಿನಲ್ಲಿ ಮುಳುಗಿದ ಊರಿನವರು ಅವರು. ಸಿಗಂದೂರಿಗೆ ಹೋದಾಗ ಆ ಲಾಂಚಿನಲ್ಲಿ ನಾವೂ ದಾಟಿದ್ದೆವು. ಕೊನೆಯ ಲಾಂಚು ತಪ್ಪಿದರೆ ರಾತ್ರಿ ಈ ದಡದಲ್ಲೇ. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ವಾಹನ ಹತ್ತಿಸುತ್ತಿರಲಿಲ್ಲ. ಲಾಂಚು ಇದೆಯೋ ಇಲ್ಲವೋ ಎಂಬ ಒಂದು ಮಾತಿನ ಮೇಲೆ ಬಾಣಂತಿಯ ಜೀವ, ಮಕ್ಕಳ ಪರೀಕ್ಷೆ ಎಲ್ಲ ನಿಂತಿರುತ್ತಿತ್ತು. 2025ರ ಜುಲೈ 14ರಂದು ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಅಲ್ಲಿ ಉದ್ಘಾಟನೆ ಆಯಿತು. ಟಿವಿಯಲ್ಲಿ ನೋಡುತ್ತಿದ್ದಾಗ ನಮಗೂ ಕಣ್ಣು ತುಂಬಿತು. ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಹಾಕಿ, ಆಮೇಲೆ ನೂರಕ್ಕೂ ಹೆಚ್ಚು ಕಟ್ಟಿ, 2017ರಲ್ಲಿ ಪದ್ಮಶ್ರೀ ಪಡೆದದ್ದೂ ಹೀಗೆ ಹೊಳೆಯಾಚೆ ಉಳಿದವರ ಕೂಗು ಕೇಳಿಸಿಕೊಂಡದ್ದಕ್ಕೇ.

ಸೇತುವೆ ಬೇಕು, ಅದರ ಬೇಡಿಕೆ ಬಿಡಬಾರದು. ಆದರೆ ಸೇತುವೆ ಆಗುವ ತನಕ ಬಾಯಿ ಮುಚ್ಚಿ ಕೂರಬೇಕು ಅಂತ ಎಲ್ಲೂ ಬರೆದಿಲ್ಲ.

ಕೊನೆಯದಾಗಿ

ಸಹಕಾರಿ ಬಂಧುಗಳೇ, ನಮ್ಮ ಸಂಘದ ವಾರ್ಷಿಕ ಮಹಾಸಭೆಯಲ್ಲಿ ವರ್ಷವೂ ಲೆಕ್ಕಪರಿಶೋಧನಾ ವರದಿ ಓದುತ್ತೇವೆ. ಎಲ್ಲರ ಕಿವಿ ಅಡುಗೆ ಮನೆಯ ಪಾತ್ರೆ ಸದ್ದಿನ ಕಡೆ ಇರುತ್ತದೆ ಎಂದು ನಮಗೆ ಗೊತ್ತು. ಆದರೂ ಓದುತ್ತೇವೆ. ಯಾಕೆಂದರೆ ಕೇಳಲು ಒಬ್ಬರಿದ್ದರೂ ಓದಲೇಬೇಕು ಎಂಬುದು ಸಹಕಾರದ ಕಟ್ಟಳೆ. ಲಾಭ ಬಂದ ವರ್ಷ ಗಟ್ಟಿಯಾಗಿ, ನಷ್ಟದ ವರ್ಷ ಮೆಲ್ಲಗೆ ಓದುವ ಅಭ್ಯಾಸ ನಮ್ಮಲ್ಲೂ ಇತ್ತು. ಅದನ್ನು ಬಿಡಬೇಕು. ಒಳ್ಳೆ ಸುದ್ದಿ ಯಾರು ಬೇಕಾದರೂ ಹೇಳುತ್ತಾರೆ. ಇಲ್ಲ, ಆಗಲಿಲ್ಲ, ಗೊತ್ತಿಲ್ಲ ಎಂಬ ಮೂರು ಮಾತನ್ನು ಹೊತ್ತಿಗೆ ಸರಿಯಾಗಿ ಬಂದು ಹೇಳುವವರೇ ನಿಜವಾದ ಮುಖಂಡರು. ನೂರು ವರ್ಷದ ಈ ಕಥೆಯಿಂದ ನಾವು ಕಲಿತದ್ದು ಇಷ್ಟೇ.

ಬೆಳ್ಳಿಹಬ್ಬದ ನೆನಪಿಗೆ ನಮ್ಮದೊಂದು ಸಣ್ಣ ಸಲಹೆ. ಪ್ರತಿ ವರ್ಷ ಆರಿದ್ರಾ ಮಳೆ ಹುಟ್ಟುವ ಮುಂಚೆ ಪಂಚಾಯ್ತಿಯವರು, ಸಂಘದವರು, ಲೈನ್‌ಮ್ಯಾನು, ಆಶಾ ಕಾರ್ಯಕರ್ತೆ ಎಲ್ಲ ಒಂದು ಕಡೆ ಕೂತು, ಮಳೆಗಾಲದಲ್ಲಿ ಯಾವ ಮನೆಗೆ ಯಾರು ಸುದ್ದಿ ಮುಟ್ಟಿಸಬೇಕು ಎಂದು ಹಂಚಿಕೊಳ್ಳಬೇಕು. ಮೂರು ಹಲಗೆಗಳ ಬಣ್ಣ ಹೋಗಿದೆ, ಈ ವರ್ಷ ಹೊಸದಾಗಿ ಬಳಿಸುವ ಖರ್ಚು ನಾವು ವಹಿಸುತ್ತೇವೆ. ಸೀಮೆಸುಣ್ಣ ಸಂಘದ್ದು.

ಅವತ್ತು ಜಗಲಿಯಲ್ಲಿ ಕೂತು ನಮ್ಮನ್ನು ಕೇಳಿದ ಆ ತಾಯಿ ಈಗ ಇಲ್ಲ. ಅವಳ ಮೊಮ್ಮಗಳು ನಮ್ಮ ಸಂಘದ ಸದಸ್ಯೆ. ಏರಿನ ಬುಡದ ಹಲಗೆ ಬರೆಯುವುದು ಈಗ ಅವಳೇ. ಅಕ್ಷರ ದುಂಡಗಿದೆ, ದೂರದಿಂದಲೇ ಕಾಣುತ್ತದೆ.